ಗ್ರಂಥಸಂಗ್ರಹದ ಎರಡು ಮಾರ್ಗಗಳು

1769ರಲ್ಲಿ ಜೇಮ್ಸ್ ಗ್ರೇಂಜರನು ಇಂಗ್ಲೆಂಡಿನ ಚರಿತ್ರಪುರುಷರನ್ನು ಅವರ ಮುದ್ರಿತ ಭಾವಚಿತ್ರಗಳೊಡನೆ ವರ್ಗೀಕರಿಸಿದ ಗ್ರಂಥವೊಂದನ್ನು ಪ್ರಕಟಿಸಿದನು. ಕೊಂಡವರು ಅನ್ಯಗ್ರಂಥಗಳ ಚಿತ್ರಪಟಗಳನ್ನು ಕಿತ್ತು ಇದರೊಳಗಿಟ್ಟು ಕಟ್ಟಿಸತೊಡಗಿದರು. ಇಂತಹ ಚಿತ್ರವರ್ಧಿತ ಪ್ರತಿಗಳು ಸಂಗ್ರಾಹಕರಿಗೆ ಪ್ರಿಯವೇ ಸರಿ. ಆದರೆ ಒಂದರ ವೃದ್ಧಿಗೆ ಹಲವು ಗ್ರಂಥಗಳು ಅಂಗಭಂಗಗೊಂಡವು.

ಬಳ್ಳಾರಿ ಸೀಮೆಯು ದತ್ತಮಂಡಲಗಳೊಡನೆ 1800ರಲ್ಲಿ ನಿಜಾಮನಿಂದ ಕಂಪನಿಗೆ ಸೇರಿತು. ದತ್ತಮಂಡಲ ಹಾಗೂ ಮೈಸೂರು ಸೀಮೆಗಳಲ್ಲಿ ಕರ್ನಲ್ ಕಾಲಿನ್ ಮೆಕೆಂಜಿಯ ಸಹಾಯಕರು ಕೈಫಿಯತ್ತುಗಳನ್ನು ಬರೆಯಿಸಿ, ಶಾಸನಗಳನ್ನು ಪ್ರತಿಮಾಡಿ, ಸ್ಮಾರಕಗಳ ಚಿತ್ರಗಳನ್ನು ಸಂಗ್ರಹಿಸಿದರು. ಮಲೆಯೂರಿನ ಜೈನಪಂಡಿತ ಧರ್ಮಯ್ಯನೂ ಅವರಲ್ಲೊಬ್ಬನು. ಮೂಲ ಓಲೆಗಳೂ ಕೆಲವು ಹೊರಹೋದುದು ನಿಜ. ಆದರೂ ಪ್ರತಿಮಾಡಿದ ಶಾಸನವು ತನ್ನ ಕಲ್ಲಿನಲ್ಲಿಯೇ ಉಳಿಯಿತು.

ಈ ಎರಡನೆಯ ಮಾರ್ಗ ನಮಗೆ ಹೊಸತಲ್ಲ. 10ನೆಯ ಶತಮಾನದಲ್ಲಿ ದಾನಚಿಂತಾಮಣಿ ಅತ್ತಿಮಬ್ಬೆಯು ಪೊನ್ನನ ಶಾಂತಿಪುರಾಣಕ್ಕೆ ಸಾವಿರ ಪ್ರತಿಗಳನ್ನು ಮಾಡಿಸಿ ಹಂಚಿದಳೆಂಬುದು ಪ್ರಸಿದ್ಧ. ಅಲ್ಲಿ ಹಲವರಿಂದ ಒಂದು. ಇಲ್ಲಿ ಒಂದರಿಂದ ಸಾವಿರ. ಶಾಸ್ತ್ರದಾನದ ತತ್ತ್ವವೇ ಇದು.

ಸಿರುಗುಪ್ಪ, ಕುರುಗೋಡು ಮೊದಲಾದ ಊರುಗಳಲ್ಲಿ ಹಳೆಯ ಕಟ್ಟುಗಳನ್ನರಸುವ ವಿದ್ವಾಂಸರು ಇದನ್ನು ಮನಗಾಣಬೇಕು. ಚೆಲುವಾದ ಗರಿಯೊಂದನ್ನು ಬೇರ್ಪಡಿಸಿದರೆ ಗ್ರಂಥದ ಅನುಕ್ರಮ ಕೆಡುತ್ತದೆ. ಕೊನೆಯ ಗರಿ ಹೋದರಂತೂ ಲಿಪಿಕಾರನ ಹೆಸರು, ಕಾಲ, ಬರೆಯಿಸಿದವರ ವಂಶ ಎಲ್ಲವೂ ಅಳಿಯುತ್ತವೆ. ಆದುದರಿಂದ ಛಾಯಾಪ್ರತಿಯನ್ನು ತರಬೇಕು, ಕಟ್ಟನ್ನು ಒಡೆಯದಿರಬೇಕು.