ಇಪ್ಪತ್ತಡಿಯ ಹಾದಿ

ಯುದ್ಧದ ಶೌರ್ಯವೆಂದೊಡನೆ ಫಿರಂಗಿಯ ಗರ್ಜನೆ, ಮುನ್ನುಗ್ಗುವ ಸೈನ್ಯ ನಮ್ಮ ಕಣ್ಣ ಮುಂದೆ ನಿಲ್ಲುವುದು ಸಹಜ. ನಾನು ಇಂದು ಹೇಳಹೊರಟಿರುವುದು ತೆವಳಿಕೊಂಡು ಹೋಗಿ ಶೌರ್ಯ ಮೆರೆದ ಇಬ್ಬರ ಸಂಗತಿ.

‘ಥ್ರ್ಯಾಶರ್’ ಎಂಬುದು ಬ್ರಿಟಿಷ್ ನೌಕಾಪಡೆಯ ಒಂದು ಜಲಾಂತರ್ಗಾಮಿ. ಬರ್ಕನ್‌ಹೆಡ್‌ನಲ್ಲಿ ನಿರ್ಮಾಣಗೊಂಡು 1940ರಲ್ಲಿ ನೀರಿಗಿಳಿದ ಅದು ಮೆಡಿಟರೇನಿಯನ್ ಸಮುದ್ರದ ಕಾಳಗಗಳಲ್ಲಿ ತೊಡಗಿತ್ತು. 1942ರ ಫೆಬ್ರವರಿ 16ರಂದು, ಕ್ರೀಟ್ ದ್ವೀಪದ ಸೂಡಾ ಕೊಲ್ಲಿಯ ಸಮೀಪ, ಬಿಗಿ ಕಾವಲಿನಲ್ಲಿ ಸಾಗುತ್ತಿದ್ದ ಶತ್ರುವಿನ ಸರಕು ಹಡಗಿನ ಮೇಲೆ ಹಾಡುಹಗಲೇ ಎರಗಿತು. ಕಾವಲು ಹಡಗುಗಳೂ ವಿಮಾನಗಳೂ ಬಾಂಬಿನ ಮಳೆ ಸುರಿಸಿದವು. ಥ್ರ್ಯಾಶರ್ ನೀರಿನಾಳದಲ್ಲಿ ಅಡಗಿ ಉಳಿದುಕೊಂಡಿತು.

ಇರುಳಾದ ಮೇಲೆ ನೌಕೆ ಮೇಲೆದ್ದು ಅಲೆಗಳಿಗೆ ಹೊಯ್ದಾಡತೊಡಗಿತು. ಆಗ ಮೇಲ್ಭಾಗದಲ್ಲಿ ಏನೋ ಉರುಳಾಡುವ ಸದ್ದು. ಹುಡುಕಿದರೆ, ಸಿಡಿಯದೆ ಉಳಿದ ಎರಡು ಬಾಂಬುಗಳು! ಅವನ್ನು ತೆಗೆಯಲು ಲೆಫ್ಟಿನೆಂಟ್ ಪೀಟರ್ ರಾಬರ್ಟ್ಸ್, ಪೆಟಿ ಆಫೀಸರ್ ಥಾಮಸ್ ಗೂಲ್ಡ್ ಮುಂದಾದರು. ಮೊದಲನೆಯದನ್ನು ಕಡಲಿಗೆ ತಳ್ಳಿದ್ದಾಯಿತು. ಎರಡನೆಯದು ಹೊರಕವಚವನ್ನು ತೂರಿ ಒಳಗೆ ಸಿಲುಕಿತ್ತು. ಹೊರಕವಚಕ್ಕೂ ನೌಕೆಯ ಒಡಲಿಗೂ ನಡುವೆ ಇದ್ದದ್ದು ತೆವಳಲಷ್ಟೇ ಸಾಲುವ ಸಂದು. ಗೂಲ್ಡ್ ಅಂಗಾತ ಮಲಗಿ, ಸುಮಾರು 100 ಪೌಂಡ್ ತೂಕದ ಬಾಂಬನ್ನು ಅಪ್ಪಿ ಹಿಡಿದರು. ರಾಬರ್ಟ್ಸ್ ಅವರ ಹೆಗಲು ಹಿಡಿದು ಎಳೆಯುತ್ತ ಹೋದರು. ಬಾಂಬು ಕದಲಿದಾಗಲೆಲ್ಲ ಒಳಗೆ ಮುರಿದ ಸ್ಪ್ರಿಂಗು ಮಿಡಿದಂಥ ಸದ್ದು. ಹೀಗೆ ಸುಮಾರು 20 ಅಡಿ ದೂರ.

ಶತ್ರುವಿನ ದಡ ಹತ್ತಿರದಲ್ಲೇ ಇತ್ತು. ಹಡಗೊಂದು ಕಂಡರೂ ಸಾಕು, ಥ್ರ್ಯಾಶರ್ ಮುಳುಗಲೇಬೇಕು. ಮುಳುಗಿದರೆ ಆ ಸಂದಿನಲ್ಲಿದ್ದವರಿಗೆ ಜಲಸಮಾಧಿ. ಇದು ಅವರಿಬ್ಬರಿಗೂ ಗೊತ್ತು. ಮುಳುಗಲು ಆಜ್ಞೆ ಕೊಡಬೇಕಾದ ನಾಯಕ ಹ್ಯೂ ಮೆಕೆಂಜಿ ಅವರಿಗೂ ಗೊತ್ತು. ಪುಣ್ಯವಶಾತ್ ಆ ಆಜ್ಞೆಯ ಪ್ರಸಂಗ ಬರಲಿಲ್ಲ. ಬಾಂಬು ಕಡಲು ಸೇರಿತು.

ಇಬ್ಬರಿಗೂ ವಿಕ್ಟೋರಿಯಾ ಕ್ರಾಸ್ ಕೊಡಬೇಕೆಂಬ ಶಿಫಾರಸು ಹೋದಾಗ ಲಂಡನ್ನಿನಲ್ಲಿ ಆಕ್ಷೇಪ ಎದ್ದಿತು. ಅದು ಶತ್ರುವಿನ ಸಮಕ್ಷಮದಲ್ಲಿ ತೋರಿದ ಶೌರ್ಯಕ್ಕೆ ಸಲ್ಲುವ ಪದಕ. ಇಲ್ಲಿ ಶತ್ರು ಎಲ್ಲಿದ್ದ? ಆ ಎರಡು ಬಾಂಬುಗಳೇ ಶತ್ರುವಿನ ಇರವಿಗೆ ಸಾಕ್ಷಿಯೆಂದು ಅಡ್ಮಿರಲ್ ಕನಿಂಗ್‌ಹ್ಯಾಮ್ ವಾದಿಸಿದರು. 1942ರ ಜೂನ್‌ನಲ್ಲಿ ಪದಕಗಳು ಘೋಷಣೆಯಾದವು.

ನೌಕೆಯನ್ನು 1947ರಲ್ಲಿ ಒಡೆದು ಗುಜರಿಗೆ ಹಾಕಿದರು. ಹಡಗುಗಳನ್ನು ಮುಳುಗಿಸಲೆಂದೇ ಕಟ್ಟಿದ ನೌಕೆ ಅದು. ಆದರೆ ಅದರ ಹೆಸರು ಕೇಳಿದಾಗ ನನಗೆ ನೆನಪಾಗುವುದು ಅದು ಮುಳುಗಿಸಿದ ಹಡಗುಗಳಲ್ಲ. ಸಂಗಡಿಗರ ಜೀವವನ್ನು ಎದೆಗವಚಿಕೊಂಡು ಕತ್ತಲಲ್ಲಿ ತೆವಳಿದ ಆ 20 ಅಡಿಗಳು.