ತರಬೇತಿ ಮುಗಿದ ಮೇಲೆ: ಕಲಿಸುವವರು ಕಲಿತ ಐವತ್ತು ವರ್ಷ

ಶಾಲೆಗೆ ಜಾಗ ಕೊಟ್ಟವರು, ಕಟ್ಟಡ ಎದ್ದ ಬಗೆ, ಎಸ್ಸೆಸ್ಸೆಲ್ಸಿ ಫಲಿತಾಂಶ, ಆಟೋಟದಲ್ಲಿ ಗೆದ್ದ ಪಾರಿತೋಷಕಗಳು, ಇವುಗಳ ಬಗ್ಗೆ ಈ ಸುವರ್ಣ ಮಹೋತ್ಸವ ಸಂಚಿಕೆಯಲ್ಲಿ ಬಲ್ಲವರು ಬರೆಯುತ್ತಿದ್ದಾರೆ. ಸಂಪಾದಕ ಮಂಡಳಿಯವರು ನನಗೆ "ಶಿಕ್ಷಕರ ಬಗ್ಗೆ ಏನಾದರೂ ಬರೆದುಕೊಡಿ ಸರ್" ಎಂದರು. ಈ ಶಾಲೆಯಲ್ಲಿ ಗಣಿತ, ಭೌತವಿಜ್ಞಾನ ಹೇಳಿಕೊಟ್ಟು ನಿವೃತ್ತನಾದವನು ನಾನು. ಇಲ್ಲಿ ಕಲಿತ ಮಕ್ಕಳ ಹೆಸರುಗಳು ದಾಖಲಾತಿ ವಹಿಯಲ್ಲಿವೆ. ಅವರಿಗೆ ಕಲಿಸಿದವರು ತಮ್ಮ ಕೆಲಸವನ್ನು ಹೇಗೆ ಕಲಿಯುತ್ತ ಹೋದರು ಎಂಬುದು ಮಾತ್ರ ಯಾವ ವಹಿಯಲ್ಲೂ ಇಲ್ಲ. ಆ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ದಾಖಲಿಸುವುದು ನನ್ನ ಉದ್ದೇಶ.

ಸರ್ಕಾರಿ ಪ್ರೌಢಶಾಲೆಯ ಶಿಕ್ಷಕನ ಸ್ಥಿತಿಯನ್ನು ಮೊದಲು ತಿಳಿಸಬೇಕು. ಹಳ್ಳಿಯ ಪ್ರೌಢಶಾಲೆಯಲ್ಲಿ ಸಾಮಾನ್ಯವಾಗಿ ಒಂದು ವಿಷಯಕ್ಕೆ ಒಬ್ಬರೇ ಶಿಕ್ಷಕರು. ಗಣಿತಕ್ಕೆ ಒಬ್ಬ ಪಿಸಿಎಂ ಮೇಷ್ಟ್ರು, ಜೀವವಿಜ್ಞಾನಕ್ಕೆ ಒಬ್ಬರು ಸಿಬಿಝಡ್ ಮೇಡಂ, ಭಾಷೆಗೊಬ್ಬೊಬ್ಬರು, ಸಮಾಜ ವಿಜ್ಞಾನಕ್ಕೊಬ್ಬರು. ಬಿ.ಎಡ್. ಓದುವಾಗ ಮಾಡಿದ ಅಭ್ಯಾಸ ಪಾಠಗಳೇ ಕೊನೆ. ಆಮೇಲೆ ನಮ್ಮ ಪಾಠವನ್ನು ನಮ್ಮದೇ ವಿಷಯ ಬಲ್ಲ ಇನ್ನೊಬ್ಬರು ಕೂತು ಕೇಳುವುದು ವರ್ಷಕ್ಕೊಮ್ಮೆ ನಡೆದರೆ ಹೆಚ್ಚು. ಥೇಲ್ಸನ ಪ್ರಮೇಯ ಮಕ್ಕಳಿಗೆ ಏಕೆ ಹತ್ತುತ್ತಿಲ್ಲ ಎಂದು ಸ್ಟಾಫ್ ರೂಮಿನಲ್ಲಿ ಕೇಳಿದರೆ ಉತ್ತರ ಹೇಳುವವರಿಲ್ಲ. ಹೀಗೆ ಒಂಟಿಯಾಗಿರುವ ಶಿಕ್ಷಕನ ಜೊತೆಗೆ ಯಾರು ನಿಂತರು ಎಂಬುದೇ ಈ ಐವತ್ತು ವರ್ಷಗಳ ಕಥೆ.

ಹಳೆಯ ಕಾಲದಲ್ಲಿ ಶಾಲೆಗೆ ಬರುತ್ತಿದ್ದವರು ತನಿಖಾಧಿಕಾರಿಗಳು. ಇನ್‌ಸ್ಪೆಕ್ಷನ್ ಎಂದರೆ ಸುಣ್ಣ ಬಣ್ಣ, ಪಾಠ ಟಿಪ್ಪಣಿ, ಹಾಜರಿ ಪುಸ್ತಕ, ನಡುಕ. ಬಂದವರು ಮಾರ್ಗದರ್ಶಕರಾಗಿರಬೇಕು ಎಂದು 1952-53ರ ಮುದಲಿಯಾರ್ ಆಯೋಗವೇ ಹೇಳಿತ್ತು. 1964-66ರ ಕೊಠಾರಿ ಆಯೋಗ ಇನ್ನೂ ಸ್ಪಷ್ಟವಾಗಿ, ಪ್ರತಿ ಶಿಕ್ಷಕನಿಗೂ ಐದು ವರ್ಷಕ್ಕೊಮ್ಮೆ ಎರಡು ಮೂರು ತಿಂಗಳ ಸೇವಾನಿರತ ಶಿಕ್ಷಣ ಸಿಗಬೇಕು ಎಂದಿತು. ಒಂದು ಪ್ರೌಢಶಾಲೆ ಮತ್ತು ಅದರ ಸುತ್ತಲಿನ ಪ್ರಾಥಮಿಕ ಶಾಲೆಗಳು ಸೇರಿ ಒಂದು 'ಶಾಲಾ ಸಂಕೀರ್ಣ'ವಾಗಿ ಪರಸ್ಪರ ನೆರವಾಗಬೇಕು ಎಂಬುದೂ ಅದರ ಸಲಹೆ. ನಮ್ಮ ಶಾಲೆ ಶುರುವಾದಾಗ ಈ ಮಾತುಗಳು ವರದಿಯಲ್ಲಿದ್ದವು. ಶಾಲೆಯ ಬಾಗಿಲಿಗೆ ಬಂದಿರಲಿಲ್ಲ.

1986ರ ರಾಷ್ಟ್ರೀಯ ಶಿಕ್ಷಣ ನೀತಿಯಿಂದ ವ್ಯವಸ್ಥೆಗೆ ಒಂದು ರೂಪ ಬಂತು. ಪ್ರಾಥಮಿಕ ಶಿಕ್ಷಕರಿಗಾಗಿ ಜಿಲ್ಲೆಗಳಲ್ಲಿ ಡಯಟ್‌ಗಳು ತೆರೆದವು; ಪ್ರೌಢಶಾಲೆಯವರ ಹೊಣೆ ಶಿಕ್ಷಕರ ಶಿಕ್ಷಣ ಮಹಾವಿದ್ಯಾಲಯಗಳಿಗೆ, ಅಂದರೆ ಸಿಟಿಇಗಳಿಗೆ ಬಂತು. ಮುಂದೆ ಡಿಪಿಇಪಿ ಯೋಜನೆ ನಮ್ಮ ರಾಜ್ಯದಲ್ಲಿ ಮೊದಲು ಬೆಳಗಾವಿ, ಕೋಲಾರ, ಮಂಡ್ಯ, ರಾಯಚೂರು ಜಿಲ್ಲೆಗಳಿಗೆ ಬಂದಾಗ ಬಿಆರ್‌ಸಿ, ಸಿಆರ್‌ಸಿಗಳು ಹುಟ್ಟಿದವು. ಸಿಆರ್‌ಪಿ ಎಂದರೆ ಶಿಕ್ಷಕರ ನಡುವಿನಿಂದಲೇ ಬಂದು, ತನ್ನ ಸಮೂಹದ ಶಾಲೆಗಳಿಗೆ ಹೋಗಿ, ತರಗತಿಯಲ್ಲಿ ಕೂತು, ಬೇಕಾದರೆ ತಾನೇ ಪಾಠ ಮಾಡಿ ತೋರಿಸಬೇಕಾದ ವ್ಯಕ್ತಿ. ಸಮೂಹದ ಶಿಕ್ಷಕರು ಕೂಡುವ ಸಮಾಲೋಚನಾ ಸಭೆಗಳೂ ಆಗಲೇ ರೂಢಿಗೆ ಬಂದವು.

ಇದೇ ಹೊತ್ತಿಗೆ, 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ ಯುನಿಸೆಫ್ ನೆರವಿನಿಂದ 'ನಲಿ-ಕಲಿ' ಆರಂಭವಾಯಿತು. ಆಂಧ್ರದ ಋಷಿವ್ಯಾಲಿಯ ಗ್ರಾಮೀಣ ಶಾಲೆಗಳನ್ನು ನೋಡಿಬಂದ ನಮ್ಮ ಪ್ರಾಥಮಿಕ ಶಿಕ್ಷಕರೇ ಕೂತು ಕಲಿಕಾ ಕಾರ್ಡುಗಳನ್ನು ಬರೆದರು, ತರಗತಿಯಲ್ಲಿ ಬಳಸಿ ನೋಡಿದರು, ಮತ್ತೆ ತಿದ್ದಿದರು. 2009-10ರಲ್ಲಿ ಅದು ಇಡೀ ರಾಜ್ಯದ ಕಿರಿಯ ತರಗತಿಗಳಿಗೆ ವಿಸ್ತರಿಸಿತು. ಆಗ ಬಹುಪಾಲು ಶಿಕ್ಷಕರ ಕೈಗೆ ಬಂದದ್ದು ಬೇರೆಯವರು ಬರೆದ ಸಿದ್ಧ ಕಾರ್ಡು. ಬರೆಯುತ್ತ ತಿದ್ದುತ್ತ ಕಲಿತವರಿಗೂ ತಟ್ಟೆ ಕಾರ್ಡು ಪಡೆದು ಐದು ದಿನದ ತರಬೇತಿಗೆ ಹೋಗಿಬಂದವರಿಗೂ ವ್ಯತ್ಯಾಸ ಇದ್ದೇ ಇರುತ್ತದೆ.

ಈ ಯಾವುದೂ ಪ್ರೌಢಶಾಲೆಗೆ ನೇರವಾಗಿ ಸಿಗಲಿಲ್ಲ. ಪ್ರೌಢಶಾಲಾ ಶಿಕ್ಷಕನಿಗೆ ಸಿಆರ್‌ಪಿ ಇಲ್ಲ. ಉಪನಿರ್ದೇಶಕರ ಕಚೇರಿಯಲ್ಲಿ ವಿಷಯ ಪರಿವೀಕ್ಷಕರಿದ್ದಾರೆ. ಆದರೆ ಗಣಿತಕ್ಕಿರುವ ಒಬ್ಬರು ಇಡೀ ಜಿಲ್ಲೆಯ ಪ್ರೌಢಶಾಲೆಗಳನ್ನು ಸುತ್ತಬೇಕು. ನನ್ನ ಸೇವಾವಧಿಯಲ್ಲಿ ಹೀಗೆ ಬಂದ ಪರಿವೀಕ್ಷಕರೊಬ್ಬರನ್ನು ಇಲ್ಲಿ ಸ್ಮರಿಸಲೇಬೇಕು. ಒಂಬತ್ತನೆಯ ತರಗತಿಯ ಕೊನೆಯ ಬೆಂಚಿನಲ್ಲಿ ಒಂದು ಪೀರಿಯಡ್ ಕೂತರು. ಮುಂದಿನ ಪೀರಿಯಡ್ಡಿಗೆ "ಮೇಷ್ಟ್ರೇ, ಚಾಕ್‌ಪೀಸ್ ಕೊಡಿ" ಎಂದು ಕೇಳಿ ತೆಗೆದುಕೊಂಡು, ಕಾಗದ ಮಡಿಸಿ ಕತ್ತರಿಸಿ ಬೀಜಗಣಿತದ ನಿತ್ಯಸಮೀಕರಣವನ್ನು ತಾವೇ ಮಾಡಿ ತೋರಿಸಿದರು. ಅದಕ್ಕಿಂತ ದೊಡ್ಡದು ಮುಂದಿನ ಸಂಗತಿ. ಮೂರು ತಿಂಗಳ ಮೇಲೆ ಅವರು ಮತ್ತೆ ಬಂದು, "ಆ ಕಾಗದದ ಚೌಕ ಏನಾಯ್ತು? ಹುಡುಗರು ಏನಂದರು?" ಎಂದು ಕೇಳಿದರು. ಹತ್ತಾರು ತರಬೇತಿಗಳಲ್ಲಿ ಯಾರೂ ಕೇಳದ ಪ್ರಶ್ನೆ ಅದು.

2009ರಲ್ಲಿ ಆರ್‌ಎಂಎಸ್‌ಎ ಬಂದ ಮೇಲೆ ಪ್ರೌಢಶಾಲೆಗಳಿಗೂ ತರಬೇತಿಯ ಅನುದಾನ ಬಂತು. ನಡೆದದ್ದು ಹೆಚ್ಚಾಗಿ ಮೆಟ್ಟಿಲು ಪದ್ಧತಿ: ರಾಜ್ಯದಲ್ಲಿ ತರಬೇತಾದ ಸಂಪನ್ಮೂಲ ವ್ಯಕ್ತಿ ಜಿಲ್ಲೆಯವರಿಗೆ, ಜಿಲ್ಲೆಯವರು ತಾಲ್ಲೂಕಿನವರಿಗೆ. ಮೇಲಿನ ಕೊಡದ ನೀರು ಕೆಳಗಿನ ಚೊಂಬಿಗೆ ಬರುವಷ್ಟರಲ್ಲಿ ಎಷ್ಟು ಉಳಿಯುತ್ತದೆ ಎಂದು ನಾವು ತಮಾಷೆ ಮಾಡುತ್ತಿದ್ದೆವು. ಒಒಡಿ ಪತ್ರ, ಟಿಎ ಬಿಲ್ಲು, ಮಧ್ಯಾಹ್ನದ ಊಟ ಎಲ್ಲ ಸರಿಯಾಗಿರುತ್ತಿತ್ತು. ಸೋಮವಾರ ತರಗತಿಗೆ ಹೋದಾಗ ಮಾತ್ರ ಪಕ್ಕದಲ್ಲಿ ಯಾರೂ ಇರುತ್ತಿರಲಿಲ್ಲ.

ಆ ವರ್ಷಗಳಲ್ಲಿ ಬೇರೆಯೆನಿಸಿದ್ದು 'ವಿಷಯ ಶಿಕ್ಷಕರ ವೇದಿಕೆ'. ಡಿಎಸ್‌ಇಆರ್‌ಟಿ ಮತ್ತು ಐಟಿ ಫಾರ್ ಚೇಂಜ್ ಸಂಸ್ಥೆ ಸೇರಿ ಗಣಿತ, ವಿಜ್ಞಾನ, ಸಮಾಜ ವಿಜ್ಞಾನದ ಶಿಕ್ಷಕರಿಗೆ ಕಂಪ್ಯೂಟರ್ ಕಲಿಸಿ, ಇ-ಮೇಲ್ ಗುಂಪುಗಳಲ್ಲಿ ಕೂಡಿಸಿದವು. ಜಿಯೋಜಿಬ್ರಾ ತಂತ್ರಾಂಶದಲ್ಲಿ ತ್ರಿಭುಜ ಎಳೆದು ತೋರಿಸುವುದನ್ನು ನಮ್ಮಲ್ಲಿ ಅನೇಕರು ಅಲ್ಲಿಯೇ ಕಲಿತದ್ದು. ತರಬೇತಿ ಮುಗಿದ ಮೇಲೂ ಸಂಭಾಷಣೆ ಮುಗಿಯಲಿಲ್ಲ ಎಂಬುದೇ ಅದರ ಹೆಚ್ಚುಗಾರಿಕೆ. ಬೇರೆ ಜಿಲ್ಲೆಯ, ಮುಖ ನೋಡದ ಗಣಿತ ಮೇಷ್ಟ್ರೊಬ್ಬರು ರಾತ್ರಿ ಹತ್ತಕ್ಕೆ ನಮ್ಮ ಪ್ರಶ್ನೆಗೆ ಉತ್ತರ ಬರೆಯುತ್ತಿದ್ದರು.

ಆಮೇಲೆ ಮೊಬೈಲಿನ ಕಾಲ. 2017ರ ಶಿಕ್ಷಕರ ದಿನದಂದು 'ದೀಕ್ಷಾ' ಆರಂಭವಾಯಿತು. 2019ರಲ್ಲಿ ಬಂದ 'ನಿಷ್ಠಾ' ತರಬೇತಿ ಕೊರೊನಾ ದಿನಗಳಲ್ಲಿ ಪೂರ್ತಿ ಆನ್‌ಲೈನ್ ಆಯಿತು. 2020ರ ರಾಷ್ಟ್ರೀಯ ಶಿಕ್ಷಣ ನೀತಿ ಪ್ರತಿ ಶಿಕ್ಷಕನಿಗೆ ವರ್ಷಕ್ಕೆ 50 ಗಂಟೆಗಳ ವೃತ್ತಿ ಕಲಿಕೆ ಇರಬೇಕೆಂದಿದೆ. ಮನೆಯಲ್ಲಿ ಕೂತು ಒಳ್ಳೆಯ ಪಾಠ ಕೇಳುವ ಅನುಕೂಲವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ವಿಡಿಯೊ ಮುಗಿದರೆ ಪ್ರಮಾಣಪತ್ರ ಬರುತ್ತದೆ. ಎಂಟನೆಯ ತರಗತಿಯಲ್ಲಿ ಭಾಗಾಕಾರ ಬಾರದ ಹುಡುಗಿಗೆ ಏನಾಯಿತೆಂದು ಆ ಪ್ರಮಾಣಪತ್ರ ಕೇಳುವುದಿಲ್ಲ.

ಅಮೆರಿಕದ ಬ್ರೂಸ್ ಜಾಯ್ಸ್ ಮತ್ತು ಬೆವರ್ಲಿ ಶವರ್ಸ್ ಎಂಬ ವಿದ್ವಾಂಸರು 1980ರಲ್ಲೇ ಹೇಳಿದ್ದರು: ತತ್ತ್ವ ಹೇಳಿ, ಮಾಡಿ ತೋರಿಸಿ, ಅಭ್ಯಾಸ ಮಾಡಿಸಿದರೂ ಸಾಲದು, ತರಗತಿಯಲ್ಲಿ ಜೊತೆಗಿದ್ದು ತಿದ್ದುವವರು ಇದ್ದಾಗಲೇ ಹೊಸ ವಿಧಾನ ನೆಲೆ ನಿಲ್ಲುತ್ತದೆ. ನಮ್ಮ ಊರಿನಲ್ಲಿ ಇದನ್ನು ತಿಳಿಯಲು ಸಂಶೋಧನೆ ಬೇಕಿಲ್ಲ. ನೇಗಿಲು ಹಿಡಿಯುವುದನ್ನು ಯಾರೂ ಮೂರು ದಿನದ ಶಿಬಿರದಲ್ಲಿ ಕಲಿತಿಲ್ಲ. ಸಾಲು ಓರೆಯಾದಾಗ ಹಿಂದಿನಿಂದ ಹೇಳುವ ಹಿರಿಯರಿದ್ದರು. ಇಂಥ ಹಿರಿಯರಾಗಬೇಕಾದ ಸಿಆರ್‌ಪಿಗಳು ಇಂದು ಅಂಕಿಅಂಶ ತುಂಬುವುದರಲ್ಲಿ, ಮಾಹಿತಿ ರವಾನಿಸುವುದರಲ್ಲಿ ದಿನ ಕಳೆಯುವಂತಾಗಿದೆ. ಅದು ಅವರ ತಪ್ಪಲ್ಲ. ಅವರಿಗೆ ತರಗತಿಯಲ್ಲಿ ಕೂರುವ ಸಮಯ ಉಳಿದಿಲ್ಲ.

ಹಿರಿಯ ವಿದ್ಯಾರ್ಥಿಗಳು "ಶಾಲೆಗೆ ಏನು ಕೊಡೋಣ ಸರ್?" ಎಂದು ಕೇಳುತ್ತಿದ್ದಾರೆ. ಸ್ಮಾರ್ಟ್ ಬೋರ್ಡು, ಕುಡಿಯುವ ನೀರಿನ ಘಟಕ ಎಲ್ಲವೂ ಬೇಕು. ಅದರ ಜೊತೆಗೆ ನನ್ನದೊಂದು ಕೋರಿಕೆ. ನಮ್ಮ ಎಂಟನೆಯ ತರಗತಿಗೆ ಮಕ್ಕಳನ್ನು ಕಳಿಸುವ ಸುತ್ತಲಿನ ಹಿರಿಯ ಪ್ರಾಥಮಿಕ ಶಾಲೆಗಳ ಗಣಿತ ಶಿಕ್ಷಕರು ತಿಂಗಳಿಗೊಂದು ಶನಿವಾರ ಮಧ್ಯಾಹ್ನ ಇಲ್ಲಿ ಕೂಡಲಿ. ಏಳನೆಯದರಲ್ಲಿ ಎಲ್ಲಿ ತೊಡಕಾಯಿತು, ಎಂಟನೆಯದರಲ್ಲಿ ಎಲ್ಲಿ ಬಿಚ್ಚಬಹುದು ಎಂದು ಮಕ್ಕಳ ನೋಟ್‌ಬುಕ್ ಮುಂದಿಟ್ಟುಕೊಂಡು ಮಾತಾಡಲಿ. ಚಹಾ, ಬಸ್ ಖರ್ಚು, ಒಂದಿಷ್ಟು ಡ್ರಾಯಿಂಗ್ ಶೀಟು, ಇಷ್ಟೇ ಬೇಕಾದದ್ದು. ಕೊಠಾರಿ ಆಯೋಗ ಹೇಳಿದ, 2020ರ ನೀತಿ ಮತ್ತೆ ನೆನಪಿಸಿದ ಶಾಲಾ ಸಂಕೀರ್ಣ ಇದೇ. ಗಣಿತದಲ್ಲಿ ಕೈಗೂಡಿದರೆ ಇಂಗ್ಲಿಷಿಗೂ ವಿಸ್ತರಿಸಬಹುದು.

ಈಗ ಇಲ್ಲಿ ಕೆಲಸ ಮಾಡುತ್ತಿರುವ ಕಿರಿಯ ಮಿತ್ರರಲ್ಲೂ ಒಂದು ಮಾತು. ವಾರಕ್ಕೊಂದು ಪೀರಿಯಡ್ ಒಬ್ಬರ ತರಗತಿಯಲ್ಲಿ ಇನ್ನೊಬ್ಬರು ಕೂರಿ. ವಿಷಯ ಬೇರೆಯಾದರೂ ಚಿಂತೆಯಿಲ್ಲ. ಯಾವ ಮಗು ಇಡೀ ಹೊತ್ತು ಬಾಯಿ ಬಿಡಲಿಲ್ಲ ಎಂಬುದನ್ನು ಕನ್ನಡ ಪಂಡಿತರೂ ಗಣಿತ ಮೇಷ್ಟ್ರಿಗೆ ಹೇಳಬಲ್ಲರು. ಮುಂದಿನ ವಾರ ಮರೆಯದೆ ಮತ್ತೆ ಹೋಗಿ ಕೇಳಿ, ಆ ಮಗು ಮಾತಾಡಿತೇ ಎಂದು.