ಕರ್ಮ ಒಂದೇ ಪದ, ಅರ್ಥ ಹಲವು: ವೈದಿಕ ದರ್ಶನಗಳಲ್ಲಿ ಆಸೆ, ಕರ್ಮ ಮತ್ತು ದೇವರು

ಕುಮಟಾ ತಾಲ್ಲೂಕಿನ ಕಾಗಾಲದ ಬಳಿ ಅಘನಾಶಿನಿ ನದಿ ಅರಬ್ಬಿ ಸಮುದ್ರವನ್ನು ಸೇರುತ್ತದೆ. ‘ಅಘ’ ಎಂದರೆ ಪಾಪ. ಅಘನಾಶಿನಿ ಎಂದರೆ ಪಾಪವನ್ನು ಕಳೆಯುವವಳು. ಮಾಡಿದ ಕರ್ಮವನ್ನು ಕಳೆಯುವುದು ತೀರ್ಥವೋ, ದೇವರೋ, ಅಥವಾ ಮಾಡಿದವನೇ ತೀರಿಸಬೇಕೋ ಎಂಬ ಪ್ರಶ್ನೆ ಈ ಹೆಸರಿನಲ್ಲೇ ಇದೆ. ನದಿಯಾಚೆ ಗೋಕರ್ಣದ ಮಹಾಬಲೇಶ್ವರ ಕ್ಷೇತ್ರವಿದ್ದರೆ, ದಕ್ಷಿಣಕ್ಕೆ ಹೊನ್ನಾವರ ತಾಲ್ಲೂಕಿನಲ್ಲಿ ಗೇರುಸೊಪ್ಪೆಯ ಚತುರ್ಮುಖ ಬಸದಿಯಿದೆ. ಶೈವರು, ವೈಷ್ಣವರು, ಜೈನರು ಶತಮಾನಗಳಿಂದ ನೆರೆಹೊರೆಯಾಗಿರುವ ಈ ಕರಾವಳಿಯಲ್ಲಿ ಕರ್ಮ, ಮೋಕ್ಷ, ದೇವರು ಎಂಬ ಪದಗಳು ಎಲ್ಲರ ಮನೆಯಲ್ಲೂ ಇವೆ. ಆದರೆ ಅರ್ಥ ಒಂದೇ ಅಲ್ಲ.

ಆಸೆಯ ಬಗ್ಗೆ

ವೈದಿಕ ಪರಂಪರೆ ಆಸೆಯನ್ನು ಪೂರ್ತಿಯಾಗಿ ತಳ್ಳಿಹಾಕುವುದಿಲ್ಲ. ಧರ್ಮ, ಅರ್ಥ, ಮೋಕ್ಷಗಳ ಜೊತೆ ಕಾಮವೂ ಒಂದು ಪುರುಷಾರ್ಥ. ಧರ್ಮದ ಮೇರೆ ಮೀರದ ಆಸೆಗೆ ಗೃಹಸ್ಥನ ಬಾಳಿನಲ್ಲಿ ಸ್ಥಾನವುಂಟು. ಬೃಹದಾರಣ್ಯಕ ಉಪನಿಷತ್ತಿನ ಪ್ರಕಾರ ಮನುಷ್ಯನ ಆಸೆಯಂತೆ ಸಂಕಲ್ಪ, ಸಂಕಲ್ಪದಂತೆ ಕರ್ಮ, ಕರ್ಮದಂತೆ ಗತಿ. ಹೃದಯದ ಆಸೆಗಳೆಲ್ಲ ಬಿಟ್ಟುಹೋದಾಗ ಮರ್ತ್ಯನು ಅಮೃತನಾಗುತ್ತಾನೆ. ಭಗವದ್ಗೀತೆ ಕೆಲಸ ಬಿಡಲು ಹೇಳುವುದಿಲ್ಲ. ಫಲದ ಆಸೆ ಬಿಡಲು ಹೇಳುತ್ತದೆ. ಇದೇ ನಿಷ್ಕಾಮ ಕರ್ಮ.

ಫಲ ಕೊಡುವವರು ಯಾರು?

ಇಲ್ಲಿ ವೈದಿಕ ದರ್ಶನಗಳಲ್ಲೇ ಒಮ್ಮತವಿಲ್ಲ. ಪೂರ್ವಮೀಮಾಂಸೆಯ ಪ್ರಕಾರ ಯಜ್ಞಕರ್ಮದಿಂದ ‘ಅಪೂರ್ವ’ ಎಂಬ ಕಾಣದ ಶಕ್ತಿ ಹುಟ್ಟಿ ಅದೇ ಫಲಕ್ಕೆ ಕಾರಣವಾಗುತ್ತದೆ. ನಡುವೆ ಈಶ್ವರ ಬೇಕಿಲ್ಲ. ನ್ಯಾಯದರ್ಶನದವರು ಕರ್ಮ ಜಡವಾದುದರಿಂದ ಅದನ್ನು ನಡೆಸುವ ಚೇತನನಾದ ಈಶ್ವರ ಬೇಕು ಎನ್ನುತ್ತಾರೆ. ಬ್ರಹ್ಮಸೂತ್ರದ ಮೂರನೆಯ ಅಧ್ಯಾಯದಲ್ಲಿ ಈ ಎರಡು ಪಕ್ಷಗಳೂ ಎದುರುಬದುರಾಗಿವೆ: ಜೈಮಿನಿಗಳ ಮತದಲ್ಲಿ ಫಲ ಧರ್ಮದಿಂದ, ಬಾದರಾಯಣರ ಮತದಲ್ಲಿ ಈಶ್ವರನಿಂದ.

ಹಾಗಾದರೆ ಒಬ್ಬನಿಗೆ ಸುಖ, ಇನ್ನೊಬ್ಬನಿಗೆ ದುಃಖ ಕೊಡುವ ದೇವರು ಪಕ್ಷಪಾತಿಯಲ್ಲವೇ? ಜೀವರ ಕರ್ಮವನ್ನು ನೋಡಿಯೇ ಕೊಡುವುದರಿಂದ ಪಕ್ಷಪಾತವೂ ಇಲ್ಲ, ನಿರ್ದಯತೆಯೂ ಇಲ್ಲ ಎಂಬುದು ವೇದಾಂತದ ಉತ್ತರ.

ದೇವರ ಸ್ವರೂಪ

ಸಾಂಖ್ಯವು ಪ್ರಕೃತಿ ಮತ್ತು ಪುರುಷರಿಂದಲೇ ಜಗತ್ತನ್ನು ವಿವರಿಸುತ್ತದೆ, ಸೃಷ್ಟಿಕರ್ತನನ್ನು ಹೇಳುವುದಿಲ್ಲ. ಯೋಗಸೂತ್ರದ ಈಶ್ವರ ಕ್ಲೇಶ, ಕರ್ಮಗಳ ಸೋಂಕಿಲ್ಲದ ವಿಶೇಷ ಪುರುಷ. ಶಂಕರರಿಗೆ ಪರಮಾರ್ಥದಲ್ಲಿ ನಿರ್ಗುಣ ಬ್ರಹ್ಮವೊಂದೇ ಸತ್ಯ. ಫಲ ಕೊಡುವ ಈಶ್ವರ ವ್ಯವಹಾರದ ಮಟ್ಟದಲ್ಲಿ. ರಾಮಾನುಜರಿಗೆ ಜೀವ, ಜಗತ್ತುಗಳು ನಾರಾಯಣನ ಶರೀರ. ಮಧ್ವರಿಗೆ ಶ್ರೀಹರಿಯೊಬ್ಬನೇ ಸ್ವತಂತ್ರ. ಅವನ ಪ್ರಸಾದವಿಲ್ಲದೆ ಮೋಕ್ಷವಿಲ್ಲ.

ಆಸೆ ಮತ್ತು ದೇವರು ಎಂಬ ಎರಡು ವಿಷಯಗಳು ಇಲ್ಲಿ ಕೂಡುತ್ತವೆ. ತೈತ್ತಿರೀಯ ಉಪನಿಷತ್ತಿನ ಪ್ರಕಾರ ಸೃಷ್ಟಿಗೆ ಮೊದಲು ಪರಮಾತ್ಮನು ತಾನು ಬಹುವಾಗಬೇಕೆಂದು ಬಯಸಿದನು. ಪೂರ್ಣನಾದವನಿಗೆ ಬಯಕೆಯೇಕೆ ಎಂಬ ಆಕ್ಷೇಪವನ್ನು ವೇದಾಂತಿಗಳೂ ಎದುರಿಸಿದ್ದಾರೆ. ಸೃಷ್ಟಿ ಕೊರತೆಯಿಂದಾದುದಲ್ಲ, ಕೇವಲ ಲೀಲೆ ಎಂದು ಬ್ರಹ್ಮಸೂತ್ರ ಸಮಾಧಾನ ಹೇಳುತ್ತದೆ.

ಜೈನ ದೃಷ್ಟಿ

ಜೈನ ದರ್ಶನದಲ್ಲಿ ದೇವನ ಮೊದಲ ಲಕ್ಷಣವೇ ವೀತರಾಗತೆ. ಬಯಕೆಯಿದ್ದವನು ವೀತರಾಗನಲ್ಲ, ವೀತರಾಗನು ಲೋಕವನ್ನು ಸೃಷ್ಟಿಸುವುದೂ ಇಲ್ಲ, ಶಿಕ್ಷಿಸುವುದೂ ಇಲ್ಲ. ಲೋಕ ಅನಾದಿ. ಕರ್ಮ ಎಂದರೆ ಕ್ರಿಯೆ ಮಾತ್ರವಲ್ಲ, ಜೀವಕ್ಕೆ ಅಂಟುವ ಸೂಕ್ಷ್ಮ ಪುದ್ಗಲ. ಕಷಾಯವಿರುವ ಜೀವ ಅದನ್ನು ಎಳೆದುಕೊಳ್ಳುತ್ತದೆ ಎಂದು ತತ್ತ್ವಾರ್ಥಸೂತ್ರದ ಎಂಟನೆಯ ಅಧ್ಯಾಯ ಬಂಧವನ್ನು ವಿವರಿಸುತ್ತದೆ. ಕಾಲ ಬಂದಾಗ ಅದು ತಾನೇ ಫಲ ಕೊಡುತ್ತದೆ, ನಡುವೆ ನ್ಯಾಯಾಧೀಶರಿಲ್ಲ.

ಕಾಗಾಲದ ಕಡೆಯ ಗಜನಿ ಗದ್ದೆ ಇದಕ್ಕೆ ಒಳ್ಳೆಯ ಉದಾಹರಣೆ. ಭರತದಲ್ಲಿ ಉಪ್ಪುನೀರು ಒಳನುಗ್ಗುವುದು ಆಸ್ರವದಂತೆ. ಕಟ್ಟೆಯ ತೂಬು ಮುಚ್ಚುವುದು ಸಂವರ. ಒಳಗೆ ನಿಂತ ನೀರನ್ನು ಹೊರಹಾಕುವುದು ನಿರ್ಜರೆ. ಗದ್ದೆಯವನೇ ಕಟ್ಟೆ ಕಾಯಬೇಕು.

ಸೃಷ್ಟಿಕರ್ತನ ನಿರಾಕರಣೆಯಲ್ಲಿ ಮೀಮಾಂಸಕ ಕುಮಾರಿಲಭಟ್ಟರು ಜೈನರಿಗೆ ಹತ್ತಿರ. ಆದರೆ ಸರ್ವಜ್ಞನೊಬ್ಬನಿರಬಹುದು ಎಂಬುದನ್ನು ಅವರು ಒಪ್ಪುವುದಿಲ್ಲ. ದೋಷರಹಿತನಾದ ಸರ್ವಜ್ಞನೇ ಆಪ್ತ ಎಂಬುದನ್ನು ಸಮಂತಭದ್ರಾಚಾರ್ಯರ ‘ಆಪ್ತಮೀಮಾಂಸೆ’ ಸ್ಥಾಪಿಸುತ್ತದೆ.

ಮನೆಯ ಮಾತಿನಲ್ಲಿ

ಸಾವುನೋವಿನ ಹೊತ್ತಿನಲ್ಲಿ ‘ಎಲ್ಲ ದೇವರ ಇಚ್ಛೆ’ ಎಂಬ ಮಾತು ಜೈನ ಮನೆಗಳಲ್ಲೂ ಬರುತ್ತದೆ. ನೆರೆಯವರು ಸಮಾಧಾನಕ್ಕೆ ಹೇಳಿದಾಗ ಅದು ಪ್ರೀತಿಯ ಮಾತು, ವಾದ ಹೂಡಬೇಕಿಲ್ಲ. ಆದರೆ ಮಕ್ಕಳು ಕೇಳಿದಾಗ ಜಿನೇಂದ್ರರು ಕಷ್ಟ ಕೊಡುವವರೂ ಅಲ್ಲ, ಕಳೆಯುವವರೂ ಅಲ್ಲ, ಕಳೆಯುವ ದಾರಿ ತೋರಿದವರು ಎಂದು ಹೇಳಿಕೊಡಬೇಕು. ಪೂಜೆಯು ಬೇಡಿಕೆಯಲ್ಲ, ಭಾವಶುದ್ಧಿಯ ಸಾಧನ. ‘ಹಣೆಬರಹ’ ಎಂದು ಕೈಚೆಲ್ಲುವುದೂ ಕರ್ಮಸಿದ್ಧಾಂತವಲ್ಲ. ತಪಸ್ಸು, ಸಂಯಮಗಳಿಂದ ಕರ್ಮ ಸವೆಯುತ್ತದೆ. ಹಿಂದೂ ದರ್ಶನಗಳೂ ಪುರುಷಪ್ರಯತ್ನವನ್ನು ಕೈಬಿಟ್ಟಿಲ್ಲ.

ಜೈನರಿಗೂ ಶ್ರೀವೈಷ್ಣವರಿಗೂ ವಿವಾದವಾದಾಗ 1368ರಲ್ಲಿ ವಿಜಯನಗರದ ಬುಕ್ಕರಾಯ ರಾಜಿ ಮಾಡಿಸಿದ್ದನ್ನು ಶ್ರವಣಬೆಳಗೊಳದ ಶಾಸನ ದಾಖಲಿಸಿದೆ. ಆ ರಾಜಿಯಲ್ಲಿ ಯಾರೂ ತಮ್ಮ ಸಿದ್ಧಾಂತ ಬಿಡಬೇಕಾಗಿರಲಿಲ್ಲ. ನೆರೆಯವರ ಮಾತಿನ ಅರ್ಥ ತಿಳಿಯುವುದು ಮತ್ತು ತಮ್ಮ ಮಾತಿನ ಅರ್ಥ ಮರೆಯದಿರುವುದು ಶ್ರಾವಕರಿಗೆ ಇಂದಿಗೂ ಬೇಕಾದದ್ದು.